ಚೌಕ ತುಂಬಿದ ಸಂಜೆಗಳು

ಈಗ ಇದನ್ನು ಎಲ್ಲರೂ ಪದಬಂಧ ಅನ್ನುತ್ತಾರೆ. ಗಜೇಂದ್ರಗಡದ ಆ ಮನೆಯಲ್ಲಿ ನಾವು ಚೌಕ ಅನ್ನುತ್ತಿದ್ದೆವು. ಪತ್ರಿಕೆಯವರು ಅದಕ್ಕೆ ಏನು ಹೆಸರು ಹಾಕುತ್ತಿದ್ದರೋ, ನೆನಪು ಮಾಡಿಕೊಳ್ಳಲು ನೋಡಿದರೂ ಬರುವುದಿಲ್ಲ. ದಿನಾಲು ಬರುತ್ತಿತ್ತು ಎಂದು ನೆನಪು ಹೇಳುತ್ತದೆ. ನೆನಪು ಹೇಳಿದ್ದನ್ನೆಲ್ಲ ನಂಬುವವಳು ನಾನಲ್ಲ. ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಇತಿಹಾಸ ಬರೆಯಬಾರದೆಂದು ಧಾರವಾಡದಲ್ಲಿ ಬಿ.ಎ. ಓದುವಾಗ ನಮಗೆ ಕಲಿಸಿದ್ದರು. ಇಲ್ಲಿ ಇರುವುದು ಒಬ್ಬಳೇ ಸಾಕ್ಷಿ, ಅವಳೂ ನಾನೇ.

ಆಗಿನ ದಿನಚರಿಗಳು ಇವೆ. ಅವುಗಳಲ್ಲಿ ಹೆಚ್ಚೇನೂ ಇಲ್ಲ. ‘ಸೆಕೆ. ಚೌಕ ಮುಗಿಯಲಿಲ್ಲ.’ ‘ಬಸ್ಸು ಕೆಟ್ಟಿತು, ಪೇಪರಿಲ್ಲ.’ ‘ತಲೆನೋವು.’ ಪುಟ ತಿರುವಿದಷ್ಟೂ ಇಂಥವೇ. ಒಂಟಿತನ ಎಂಬ ಶಬ್ದವನ್ನು ನಾನು ಎಲ್ಲಿಯೂ ಬರೆದಿಲ್ಲ. ಇಷ್ಟು ಜಾಗರೂಕತೆಯಿಂದ ಒಂದು ಶಬ್ದವನ್ನು ಬಿಟ್ಟಿದ್ದೇನೆಂದರೆ ಅದು ಅಲ್ಲೇ ಎಲ್ಲೋ ಇತ್ತು ಎಂದು ಈಗ ಅನಿಸುತ್ತದೆ.

ಐವತ್ತರ ದಶಕದ ನಡುವಿನ ಮಾತು. ನಾವಿನ್ನೂ ಮುಂಬಯಿ ರಾಜ್ಯಕ್ಕೆ ಸೇರಿದ್ದೆವು. ನಾನು ನರಗುಂದದವಳು. ತಂದೆ ಹತ್ತಿಯ ವ್ಯಾಪಾರ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಂಗಡಿ ಅಣ್ಣನ ಕೈಗೆ ಬಂತು. ನನ್ನ ಕೈಗೆ ಡಿಗ್ರಿ ಬಂದಿತ್ತು. ಬಿ.ಎ. ಆದ ಹುಡುಗಿಗೆ ಗಂಡು ಹುಡುಕಿ ಅಣ್ಣ ದಣಿದಿದ್ದ, ಹುಡುಕಿಸಿಕೊಂಡು ನಾನೂ ದಣಿದಿದ್ದೆ. ಗಜೇಂದ್ರಗಡದ ಹೈಸ್ಕೂಲಿನಲ್ಲಿ ಕೆಲಸ ಇದೆ ಎಂದು ತಿಳಿದಾಗ ಇಬ್ಬರಿಗೂ ನಿರಾಳವಾಯಿತು. ಅಲ್ಲಿ ನಾನೊಬ್ಬಳೇ ಹೆಂಗಸು. ಮಾಸ್ತರರೆಲ್ಲ ಸಭ್ಯರು. ಎಷ್ಟು ಸಭ್ಯರೆಂದರೆ ನಾನು ಕೋಣೆಯೊಳಗೆ ಬಂದರೆ ಮಾತು ನಿಲ್ಲಿಸುತ್ತಿದ್ದರು.

ಇರಲು ಒಂದು ನೇಕಾರರ ಮನೆಯ ಮುಂದಿನ ಕೋಣೆ ಸಿಕ್ಕಿತು. ನಡುಮನೆಯಲ್ಲಿ ಮಗ್ಗ. ನೆಲದಲ್ಲಿ ತಗ್ಗು ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಯಜಮಾನರು ಬೆಳಕು ಹರಿದಾಗ ಕೂತರೆ ಬೆಳಕು ಹೋಗುವ ತನಕ ಏಳುತ್ತಿರಲಿಲ್ಲ. ಅವರ ಹೆಂಡತಿ, ಸೊಸೆ, ಇಷ್ಟೇ ಮಂದಿ. ಒಬ್ಬನೇ ಮಗ ಸೊಲ್ಲಾಪುರದ ಗಿರಣಿಗೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಮಾಡಿಕೊಂಡು ಉಳಿದುಬಿಟ್ಟಿದ್ದ. ಇದು ಓಣಿಗೆಲ್ಲ ಗೊತ್ತಿತ್ತು. ಮನೆಯೊಳಗೆ ಅದನ್ನು ಯಾರೂ ಆಡುತ್ತಿರಲಿಲ್ಲ.

ಹುಬ್ಬಳ್ಳಿಯ ಪತ್ರಿಕೆ ರೋಣದ ಮೇಲಿಂದ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಮೊದಲು ಹೆಡ್‌ಮಾಸ್ತರರು, ಆಮೇಲೆ ಉಳಿದವರು ಓದುತ್ತಿದ್ದರು. ಸಾಲೆ ಬಿಡುವ ಹೊತ್ತಿಗೆ ಅದು ಯಾರಿಗೂ ಬೇಡವಾಗಿರುತ್ತಿತ್ತು. ನಾನು ಮಡಚಿ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಒಂದು ಕರಾರಿತ್ತು. ಮರುದಿನ ಅದನ್ನು ತಂದು ಸಾಲೆಯ ಹಳೆಯ ಪತ್ರಿಕೆಗಳ ಕಟ್ಟಿಗೆ ಸೇರಿಸಬೇಕು, ಅದರ ಮೇಲೆ ಏನೂ ಗೀಚಬಾರದು. ಹೀಗಾಗಿ ನಾನು ಚೌಕವನ್ನು ಪಾಟಿಯ ಮೇಲೆ ಇಳಿಸಿಕೊಳ್ಳುತ್ತಿದ್ದೆ. ಗೆರೆ ಎಳೆದು, ಕಪ್ಪು ಮನೆಗಳಿಗೆ ಅಡ್ಡ ಗೀಟು ಹಾಕಿ, ಬಳಪದಿಂದ ಅಕ್ಷರ ತುಂಬುವುದು. ಮರುದಿನದ ಪತ್ರಿಕೆಯಲ್ಲಿ ಉತ್ತರ ನೋಡಿ, ಗೊತ್ತಿರದ ಶಬ್ದವನ್ನು ನಿಘಂಟಿನಲ್ಲಿ ಹುಡುಕಿ, ಆಮೇಲೆ ಒದ್ದೆ ಬಟ್ಟೆಯಿಂದ ಎಲ್ಲ ಒರೆಸಿ ಹೊಸ ಗೆರೆ ಎಳೆಯುವುದು. ಆ ಕಾಲದಲ್ಲಿ ನಾನು ತುಂಬಿದ ಒಂದು ಚೌಕವೂ ಉಳಿದಿಲ್ಲ. ಉಳಿದಿದ್ದರೆ ಈ ಬರವಣಿಗೆ ಇನ್ನೂ ಧೈರ್ಯದಿಂದ ಆಗುತ್ತಿತ್ತು.

ಸೊಸೆ ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ರಾಟಿ ಇಟ್ಟುಕೊಂಡು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅಲ್ಲಿ ಬೆಳಕು ಹೆಚ್ಚು ಹೊತ್ತು ಇರುತ್ತಿತ್ತು. ಬಹಳ ದಿನ ಅವಳು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಒಂದು ಸಂಜೆ ರಾಟಿ ನಿಲ್ಲಿಸಿ ಕೇಳಿದಳು:

“ಅಕ್ಕೋರ, ಸಿಟ್ಟಿಗೇಳಬ್ಯಾಡ್ರಿ. ದಿನಾ ಮನಿ ಕಟ್ಟತೀರಿ, ದಿನಾ ಅಳಸ್ತೀರಿ. ಏನ್ರಿ ಅದು?”

ತೋರಿಸಿದೆ. ಪುರ್ತಗೇರಿಯ ತವರಿನಲ್ಲಿ ಅವಳು ಐದನೇ ಇಯತ್ತೆ ಓದಿದ್ದಳಂತೆ. ಸುಳಿವುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಆ ದಿನ ‘ಕಡಲು, ಮೂರು ಅಕ್ಷರ’ ಎಂದಿತ್ತು. ಸಾಗರ ಎಂದಳು ತಟ್ಟನೆ. ಕೊನೆಯ ಅಕ್ಷರ ‘ಧಿ’ ಎಂದು ನನಗೆ ಕೆಳಗಿನಿಂದ ಸಿಕ್ಕಿತ್ತು. ಜಲಧಿ ಆಗಬಹುದು, ಉದಧಿ ಆಗಬಹುದು, ವಾರಿಧಿ ಆಗಬಹುದು, ಶರಧಿ ಆಗಬಹುದು ಎಂದು ಬರೆದು ತೋರಿಸಿದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

“ಕುಡಿಯೂ ನೀರಿಗೆ ನಾವು ಕೊಡ ಹೊತ್ತು ಅಡ್ಡಾಡತೀವಿ. ಇವರ ಕಡೆ ಸಮುದ್ರಕ್ಕ ಇಷ್ಟ ಹೆಸರೇನ್ರಿ! ನೀವು ನೋಡೀರೇನ್ರಿ ಸಮುದ್ರ?”

“ಇಲ್ಲವಾ.”

“ಮತ್ತ ಹ್ಯಾಂಗ ಬರೀತೀರಿ?”

ಮೇಲಿನಿಂದ ಇಳಿಯುವ ಶಬ್ದ ‘ಭಂಡಾರ, ಎರಡು ಅಕ್ಷರ’ ಎಂದಿತ್ತು. ಕೋಶ ಎಂದು ಬರೆದೆ. ಶ ಸಿಕ್ಕಿತು. ಶರಧಿ ಆಯಿತು. ಅವಳು ಆ ಶಬ್ದವನ್ನು ರಾಟಿಯ ಸದ್ದಿಗೆ ಸೇರಿಸಿ ಎಷ್ಟೋ ಹೊತ್ತು ಅನ್ನುತ್ತಿದ್ದಳು. ಮರುದಿನ ನಾನು ಗೆರೆ ಎಳೆಯುವ ಮೊದಲೇ ಬಾಗಿಲಲ್ಲಿ ಬಂದು ಕೂತಿದ್ದಳು.

ಅಲ್ಲಿಂದ ಸಂಜೆಗಳು ಬೇರೆ ಆದವು. ಎಷ್ಟು ಬೇರೆ ಆದವು ಎನ್ನುವುದನ್ನು ಅಳೆದು ಹೇಳಲಾರೆ. ಸಾಲೆಯ ಕೊನೆಯ ತಾಸಿನಲ್ಲಿ ಪಾಠ ಹೇಳುತ್ತಲೇ ಇವತ್ತಿನ ಚೌಕದಲ್ಲಿ ಏನಿರಬಹುದು ಎಂದು ಯೋಚಿಸುತ್ತಿದ್ದೆ ಎಂಬುದು ಗೊತ್ತು. ಬಸ್ಸು ಬಾರದ ದಿನ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು.

ಅವಳು ಶಬ್ದಗಳನ್ನು ಕಲಿಯುವ ರೀತಿ ನನಗೆ ಹೊಸದು. ನಾನು ನಿಘಂಟಿನಲ್ಲಿ ಅರ್ಥ ನೋಡಿ ಮುಂದೆ ಹೋಗುವವಳು. ಅವಳು ಅದನ್ನು ಮನೆಯೊಳಗೆ ಒಯ್ದು ಬಳಸಬೇಕು. ಕೌಮುದಿ ಎಂದರೆ ಬೆಳದಿಂಗಳು ಎಂದು ತಿಳಿದ ದಿನ ಅಂಗಳಕ್ಕೆ ಹೋಗಿ ಅತ್ತೆಗೆ ಹೇಳಿದಳು:

“ಯತ್ತಿ, ಇವತ್ತ ಕೌಮುದಿ ಭಾಳ ಚಲೋ ಬಿದ್ದೈತಿ.”

“ಏನು ಬಿದ್ದೈತಿ?” ಎಂದು ಒಳಗಿನಿಂದ ಅತ್ತೆ ಕೇಳಿದರು. “ಬಿದ್ದಿದ್ದರ ಎತ್ತಿ ಇಡು. ಹೇಳ್ಕೋತ ನಿಂತೀಯಲ್ಲ.”

ನಾನು ಕೋಣೆಯಲ್ಲಿ ಕೂತು ನಕ್ಕೆ. ನಡುಮನೆಯಲ್ಲಿ ಮಾವನೂ ನಕ್ಕ ಸದ್ದು ಕೇಳಿಸಿತು. ಅತ್ತೆಗೆ ನಮ್ಮ ಈ ಆಟ ಸೇರುತ್ತಿರಲಿಲ್ಲ. ನನ್ನ ಮುಂದೆ ಮರ್ಯಾದೆ ಬಿಡದೆಯೇ ಚುಚ್ಚುತ್ತಿದ್ದರು. “ಅಕ್ಕೋರ, ನೀವು ಇಷ್ಟ ಓದಿ ಮತ್ತ ಪಾಟಿ ಹಿಡಿದೀರಲ್ಲ, ಒಂದನೇತ್ತಕ್ಕ ಇಳಿಸ್ಯಾರೇನ್ರಿ ನಿಮ್ಮನ್ನ?” ಸೊಸೆಗೆ ಮಾತ್ರ ನೇರವಾಗಿ: “ಕಂಡಿಕಿ ಸುತ್ತು ಅಂದ್ರ ನಾಲಿಗಿ ಸುತ್ತಾಕತ್ತೀದಿ.”

ಒಂದು ದಿನ ಅವಳು ಚೌಕದ ಕಡೆ ನೋಡದೆ, ಬಳಪ ಬೆರಳಲ್ಲಿ ತಿರುವುತ್ತ ಕೇಳಿದಳು:

“ಮುಲ್ಕಿ ಪಾಸಾದ್ರ ಸಾಲಿ ಕಲಸೂ ಕೆಲಸ ಸಿಗತೈತಂತ. ಖರೇ ಏನ್ರಿ?”

ಖರೆ. ಏಳನೇ ಇಯತ್ತೆಯ ಕೊನೆಗೆ ಬರೆಯುವ ಮುಲ್ಕಿ ಪರೀಕ್ಷೆ ಪಾಸಾದವರು ತರಬೇತಿಗೆ ಹೋಗಬಹುದಾಗಿತ್ತು, ಅದು ಮುಗಿಸಿದರೆ ಪ್ರಾಥಮಿಕ ಸಾಲೆಯಲ್ಲಿ ಕೆಲಸ. ಹೊರಗಿನಿಂದಲೂ ಬರೆಯಲು ಬರುತ್ತಿತ್ತು. ಹೆಡ್‌ಮಾಸ್ತರರನ್ನು ಕೇಳಿದೆ. ಅವರು ವಯಸ್ಸು ವಿಚಾರಿಸಿ, ತರಬೇತಿಗೆ ವಯಸ್ಸಿನ ಮಿತಿ ಇದೆ, ಬರೆಯುವುದಾದರೆ ಈ ವರ್ಷವೇ ಬರೆಯಬೇಕು ಎಂದರು. ಅವಳಿಗೆ ಬಂದು ಹೇಳಿದೆ. ಅವಳು, “ಹಂಗಾರ ಈ ವರ್ಷನ ಬರೀತೀನ್ರಿ” ಎಂದಳು. ತವರಲ್ಲಿ ಅಣ್ಣಂದಿರ ಹೆಂಡಂದಿರು ತುಂಬಿದ್ದರು. ಗಂಡನ ಮನೆಯಲ್ಲಿ ಗಂಡನಿರಲಿಲ್ಲ. ಆ ಪರೀಕ್ಷೆ ಹೋದರೆ ಇನ್ನು ಈ ಬಾಗಿಲು, ಈ ರಾಟಿ. ಇದನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಅತ್ತೆಯನ್ನು ಒಪ್ಪಿಸಿದ್ದು ಮಾವ. ಹೇಗೆ ಒಪ್ಪಿಸಿದರೋ ತಿಳಿಯದು. ಒಂದು ಮುಂಜಾನೆ ಅತ್ತೆ ನನ್ನ ಕೋಣೆಗೆ ಬಂದು, “ರೋಣಕ್ಕ ನೀವು ಸಂಗಾಟ ಹೋಗ್ತೀರಲ್ರಿ? ಒಬ್ಬಾಕಿನ್ನ ಕಳಸೂದುಲ್ಲ ನಾ” ಎಂದು ಮಾತ್ರ ಹೇಳಿ ಹೋದರು. ಅದೇ ಒಪ್ಪಿಗೆ.

ಆ ಚಳಿಗಾಲ ಲೆಕ್ಕ, ಭೂಗೋಳ, ವ್ಯಾಕರಣ ಎಲ್ಲ ನಡೆಯಿತು. ಆದರೂ ಸಂಜೆಯ ಚೌಕ ಬಿಡಲಿಲ್ಲ. ಕನ್ನಡದ ಪ್ರಶ್ನಪತ್ರಿಕೆಯಲ್ಲಿ ಸಮಾನ ಅರ್ಥದ ಶಬ್ದ ಕೇಳುತ್ತಾರೆ, ಇದರಿಂದ ಅನುಕೂಲ ಎಂದು ನಾನು ಅವಳಿಗೆ ಹೇಳುತ್ತಿದ್ದೆ. ಅನುಕೂಲ ಯಾರಿಗೆ ಹೆಚ್ಚಿತ್ತು ಎಂದು ಈಗ ಕೇಳಿಕೊಳ್ಳುತ್ತೇನೆ. ಅವಳು ಪಾಸಾದರೆ ಹೋಗುತ್ತಾಳೆ ಎನ್ನುವುದು ನನಗೆ ಗೊತ್ತಿತ್ತು. ಅದನ್ನು ತಿಳಿದೂ ದಿನಾಲು ಅವಳನ್ನು ಹೋಗುವುದಕ್ಕೆ ತಯಾರು ಮಾಡುತ್ತಿದ್ದೆ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ತಯಾರು ಮಾಡುವ ಸಂಜೆಗಳೂ ಸಂಜೆಗಳೇ ಅಲ್ಲವೇ.

ಪರೀಕ್ಷೆ ಯುಗಾದಿ ಮುಗಿದ ಮೇಲೆ, ರೋಣದಲ್ಲಿ. ಅತ್ತೆ ನನ್ನನ್ನು ಇನ್ನೆಷ್ಟು ದಿನ ಎಂದು ಕೇಳಿದಾಗ ಎಂಟು ದಿನ ಎಂದಿದ್ದೆ. ಅಲ್ಲೇ ತಪ್ಪಿತು. ಹೇಳಿದ್ದರಲ್ಲೂ ತಪ್ಪಿಲ್ಲ, ಕೇಳಿದ್ದರಲ್ಲೂ ತಪ್ಪಿಲ್ಲ. ಎಣಿಸಿದ್ದರಲ್ಲಿ ಆಯಿತು. ನೇಕಾರರು ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ಆ ಅಮಾವಾಸ್ಯೆಯ ಮರುದಿನ ಯುಗಾದಿ, ಅಂದೂ ಮಗ್ಗ ನಿಂತಿತ್ತು. ಅತ್ತೆ ಅವೆರಡನ್ನೂ ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಅವರ ಎಣಿಕೆಯಲ್ಲಿ ದಿನ ಎಂದರೆ ಮಗ್ಗ ಆಡಿದ ದಿನ. ನಾವು ರೋಣದ ಬಸ್ಸು ಹತ್ತಬೇಕಾದ ಹಿಂದಿನ ದಿನ ಅವರ ಪಾಲಿಗೆ ಇನ್ನೂ ಎರಡು ದಿನ ಬಾಕಿ ಇದ್ದವು. ಅದೇ ಮುಂಜಾನೆ ಸೊಸೆಯನ್ನು ಕೊಂಡಿ ಹಾಕಲು ಕೂಡಿಸಿಬಿಟ್ಟಿದ್ದರು.

ಕೊಂಡಿ ಎಂದರೇನು ಎಂದು ಹೇಳಬೇಕು. ಆ ಸೀರೆಗಳಲ್ಲಿ ಮೈಯ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಮೈ ನೂಲಿನದು, ಸೆರಗು ರೇಶಿಮೆಯದು. ಮಗ್ಗದ ಮೇಲೆ ಮೈಯ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಬೆರಳಿನಿಂದ ಸಿಕ್ಕಿಸಿ ಜೋಡಿಸಬೇಕು. ಅದನ್ನು ಹೆಂಗಸರು ಮಾಡುತ್ತಾರೆ. ಬೆಳಿಗ್ಗೆ ಕೂತರೆ ಮರುದಿನ ಮಧ್ಯಾಹ್ನಕ್ಕೆ ಮುಗಿಯುವ ಕೆಲಸ. ಮತ್ತು ಆ ಮನೆಯಲ್ಲಿ ಒಂದು ಸೆರಗಿಗೆ ಒಂದೇ ಕೈ. ಒಬ್ಬರ ಕೈಯ ಬಿಗಿ ಇನ್ನೊಬ್ಬರಿಗೆ ಬರುವುದಿಲ್ಲ. ಅರ್ಧ ಒಬ್ಬರು ಅರ್ಧ ಇನ್ನೊಬ್ಬರು ಹಾಕಿದರೆ ನೇಯುವಾಗ ಸಡಿಲಾದ ಕಡೆ ಎಳೆ ಕಡಿಯುತ್ತದೆ, ಕಡಿಯದಿದ್ದರೂ ಸೀರೆಯಲ್ಲಿ ಆ ಜಾಗ ಗೆರೆಯಾಗಿ ಕಾಣುತ್ತದೆ. ಆದ್ದರಿಂದ ಹಿಡಿದವರೇ ಮುಗಿಸಬೇಕು. ಈ ಸೀರೆಯೋ ಪೇಟೆಯ ಸಾವ್ಕಾರರ ಮನೆಯ ಮದುವೆಯದು. ತಡ ಮಾಡುವ ಹಾಗಿರಲಿಲ್ಲ.

ಸಂಜೆ ನಾನು ಸಾಲೆಯಿಂದ ಬಂದಾಗ ಬಾಗಿಲಲ್ಲಿ ರಾಟಿ ಇರಲಿಲ್ಲ. ಒಳಗೆ ನೋಡಿದೆ. ಸೊಸೆ ಮಗ್ಗದ ಮುಂದೆ ಬಗ್ಗಿ ಕೂತಿದ್ದಳು. ಅರ್ಧಕ್ಕಿಂತ ಹೆಚ್ಚು ಎಳೆ ಕೂಡಿದ್ದವು.

“ಏನವಾ ಇದು? ನಾಳೆ ಮುಂಜಾನೆ ಬಸ್ಸು” ಎಂದೆ.

“ಹೇಳಿದ್ನಿರಿ” ಎಂದಳು ತಲೆ ಎತ್ತದೆ. “ಇನ್ನ ಎರಡು ದಿನ ಐತಿ ಅಂದ್ರು. ನೀವು ಬಂದು ಹೇಳಲಿ ಅಂತ ಕೂತೀನಿ. ಕೈ ಬಿಟ್ಟು ಎದ್ರ ಜಗಳ ಆಗತೈತಿ.”

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು. ನಾನು ವಾರ ಎಣಿಸಿ ತೋರಿಸಿದೆ. ಅಮಾವಾಸ್ಯೆ, ಯುಗಾದಿ ಎರಡನ್ನೂ ಬೆರಳು ಮಡಚಿ ಎಣಿಸಿದೆ. ಅವರು ನನ್ನ ಬೆರಳನ್ನೇ ನೋಡಿದರು.

“ಮಗ್ಗ ನಿಂತ ದಿನಾನೂ ದಿನಾ ಏನ್ರಿ ಅಕ್ಕೋರ?”

ಇದನ್ನು ಅವರು ವಾದಕ್ಕಾಗಿ ಕೇಳಲಿಲ್ಲ. ಖರೆಯಾಗಿಯೂ ಗೊತ್ತಿಲ್ಲದೆ ಕೇಳಿದರು. ಮಾವ ಹೊರಗಿನಿಂದ ಬಂದರು. ಸಂಗತಿ ತಿಳಿದು ಟೊಪ್ಪಿಗೆ ತೆಗೆದು ಗೋಡೆಗೆ ಆತು ನಿಂತರು.

“ಮುಂದಿನ ಸಲ ಬರಿಯಾಕ ಬರೂದುಲ್ಲೇನ್ರಿ?”

“ವಯಸ್ಸು ದಾಟತೈತ್ರಿ” ಎಂದೆ.

“ನಾಳೆ ಮಧ್ಯಾಹ್ನದ ಬಸ್ಸಿಗೆ ಹ್ವಾದ್ರ?”

“ಪರೀಕ್ಷೆ ನಾಳೆ ಮುಂಜಾನೆನ ಚಾಲೂ ಆಗತೈತ್ರಿ. ಮೊದಲನೇ ಪೇಪರ ಹ್ವಾದ್ರ ಎಲ್ಲಾ ಹೋದಂಗ.”

 ಸೊಸೆಯ ಬೆರಳು ನಡೆದೇ ಇದ್ದವು. ಸಿಟ್ಟಿನಿಂದಲೋ ರೂಢಿಯಿಂದಲೋ, ಒಂದರ ಮೇಲೊಂದು ಎಳೆ ಕೂಡಿಸುತ್ತಿದ್ದಳು.

ಆಗ ಅತ್ತೆ ಮಗ್ಗದ ಹತ್ತಿರ ಹೋಗಿ, ಸೊಸೆಯ ಕೈಯನ್ನು ಹಿಡಿದು ಬದಿಗೆ ಸರಿಸಿ, ಕೂಡಿದ್ದ ಮೊದಲ ಎಳೆಯನ್ನು ಬಿಚ್ಚಿದರು. ಆಮೇಲೆ ಅದರ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು.

“ಯತ್ತೀ!” ಎಂದು ಸೊಸೆ ಚೀರಿದಳು. “ಮುಂಜಾನಿಂದ ಹಾಕೀನಿ!”

“ಹಾಕಿದ್ದು ಕಾಣತೈತಿ ನನಗ. ಏಳು ಮ್ಯಾಲೆ.”

“ನಿಮಗ ಕಣ್ಣು ಸರಿ ಕಾಣೂದುಲ್ಲ. ಹ್ಯಾಂಗ ಹಾಕ್ತೀರಿ?”

“ನೀ ಹುಟ್ಟೂದಕ್ಕಿಂತ ಮೊದ್ಲ ಕೊಂಡಿ ಹಾಕೀನಿ. ಕಣ್ಣಿಲೆ ಹಾಕತಾರೇನು? ಏಳಂದ್ರ ಏಳು. ಹೋಗಿ ಆ ಸುಡಗಾಡ ಪಾಟಿ ಹಿಡಿ.”

ಮಾವ ಏನೋ ಹೇಳಲು ಹೋದರು. ಅತ್ತೆ ತಿರುಗಿಯೂ ನೋಡದೆ ಅಂದರು: “ನೀವು ಸುಮ್ಕಿರ್ರಿ. ನಿಮ್ಮ ಮಗ ಮಾಡಿದ್ದು ಸಾಕಾಗೈತಿ.”

ಆ ಮನೆಯಲ್ಲಿ ಆ ಮಗನ ಮಾತು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮಾವ ಟೊಪ್ಪಿಗೆ ಇಟ್ಟುಕೊಂಡು ಸಾವ್ಕಾರರ ಮನೆಗೆ ಸೀರೆ ತಡವಾಗುತ್ತದೆ ಎಂದು ಹೇಳಲು ಹೊರಟರು. ಅತ್ತೆ ಬಿಚ್ಚುತ್ತ ಕೂತರು. ಸೊಸೆ ಎದ್ದು ನಿಂತಿದ್ದಳು, ಹೋಗಲಿಲ್ಲ. ಕೊನೆಗೆ ತಾನೂ ಕೂತು ಇನ್ನೊಂದು ತುದಿಯಿಂದ ಬಿಚ್ಚತೊಡಗಿದಳು. ಬಿಚ್ಚುವುದಕ್ಕೆ ಇಬ್ಬರ ಕೈ ಆದರೂ ಅಡ್ಡಿಯಿರಲಿಲ್ಲ.

ಬಿಚ್ಚಿರಿ ಎಂದು ನಾನೇ ಸೂಚಿಸಿದೆ ಎಂದು ಬಹಳ ವರ್ಷ ನಂಬಿದ್ದೆ. ಒಬ್ಬಿಬ್ಬರಿಗೆ ಹಾಗೆ ಹೇಳಿದ್ದೂ ಇದೆ. ಕಲಿತವಳು ನಾನು, ದಾರಿ ತೋರಿಸಬೇಕಾದವಳು ನಾನು ಎಂಬ ಲೆಕ್ಕದಲ್ಲಿ ನೆನಪು ಆ ಮಾತನ್ನು ನನ್ನ ಬಾಯಲ್ಲಿ ಇಟ್ಟಿರಬೇಕು. ಈಗ ಸುಮ್ಮನೆ ಕೂತು ಆ ಸಂಜೆಯನ್ನು ಕೇಳಿಸಿಕೊಳ್ಳಲು ನೋಡಿದರೆ ಅಲ್ಲಿ ನನ್ನ ಧ್ವನಿ ಇಲ್ಲ. ಬಾಗಿಲ ಚೌಕಟ್ಟಿಗೆ ಕೈ ಇಟ್ಟು ನಿಂತಿದ್ದೇನೆ. ಚೀಲದಲ್ಲಿ ಪತ್ರಿಕೆ ಇದೆ. ದಿನಚರಿಯಲ್ಲಿ ಆ ದಿನ ಬರೆದದ್ದು ‘ನಾಳೆ ರೋಣ’ ಎಂದು ಮಾತ್ರ.

ರೋಣದಲ್ಲಿ ನಮ್ಮ ದೂರದ ಸಂಬಂಧಿಕರ ಮನೆಯಲ್ಲಿ ಇಳಿದೆವು. ಅವಳು ಪರೀಕ್ಷೆಗೆ ಒಳಗೆ ಹೋದಳು, ನಾನು ಹೊರಗೆ ಬೇವಿನ ಗಿಡದ ಬುಡದಲ್ಲಿ ಕೂತೆ. ಹುಡುಗಿಯರನ್ನು ಕರೆತಂದ ಅಪ್ಪಂದಿರು, ಅಣ್ಣಂದಿರು ಸುತ್ತ ಕೂತಿದ್ದರು. ಒಬ್ಬರು ನನ್ನನ್ನು, “ನಿಮ್ಮ ತಂಗಿ ಏನ್ರಿ?” ಎಂದು ಕೇಳಿದರು. ಹೌದು ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಆಮೇಲೆ ಅವರು ಊರು, ಮನೆತನ ಎಲ್ಲ ಕೇಳಲು ತೊಡಗಿದಾಗ ಎದ್ದು ಬೇರೆ ಗಿಡದ ಕೆಳಗೆ ಹೋಗಿ ಕೂತೆ.

ಕನ್ನಡದ ಪ್ರಶ್ನಪತ್ರಿಕೆ ಮುಗಿಸಿ ಅವಳು ಬಂದಾಗ ಮುಖ ಬೆವೆತಿತ್ತು, ಬೆರಳಿಗೆಲ್ಲ ಮಸಿ.

“ಹ್ಯಾಂಗಾತು?”

“ಸಮುದ್ರ ಕೇಳಿದ್ರರಿ ಅಕ್ಕೋರ! ಎರಡು ಹೆಸರು ಬರೀರಿ ಅಂದಿದ್ರು. ನಾ ಗೊತ್ತಿದ್ದಷ್ಟೂ ಬರದ್ನಿ. ಮಾರ್ಕ್ಸ್ ಕಡಿಮಿ ಮಾಡ್ತಾರೇನ್ರಿ ಹೆಚ್ಚಿಗಿ ಬರದ್ರ?”

ಇಲ್ಲ ಎಂದೆ. ಅವಳು ನಕ್ಕಳು. ಬೆರಳಿನ ಮಸಿ ಒರೆಸುತ್ತ, “ಅತ್ತಿ ಕೊಂಡಿ ಎಲ್ಲಿ ಮಟಾ ಬಂದಿರಬೇಕ್ರಿ?” ಎಂದಳು.

ಅದು ಮುಗಿಯಲು ನಾಲ್ಕು ದಿನ ಹಿಡಿದಿತ್ತು. ಹಾಸಿನ ಮೇಲೆ ಮೂಗು ತಾಗುವಷ್ಟು ಬಗ್ಗಿ, ಬೆರಳಲ್ಲಿ ತಡವಿ ತಡವಿ ಹಾಕಿದ್ದರಂತೆ. ನಾವು ತಿರುಗಿ ಬಂದಾಗಲೂ ಹಾಕುತ್ತಿದ್ದರು. ಸೊಸೆ ಕೈ ಹಚ್ಚಲು ಹೋದರೆ ಬೈದರು. ಸಾವ್ಕಾರರು ಗೊಣಗಿ ಸೀರೆ ತೆಗೆದುಕೊಂಡರು ಎಂದು ಮಾವ ಆಮೇಲೆ ಹೇಳಿದರು.

ಮುಂಗಾರಿನ ಹೊತ್ತಿಗೆ ಫಲಿತಾಂಶ ಬಂತು. ಪಾಸು. ಹೆಡ್‌ಮಾಸ್ತರರು ಹೇಳಿ ಕಳಿಸಿದಾಗ ನಾನು ಓಡುತ್ತ ಮನೆಗೆ ಬಂದೆ ಎಂದು ನೆನಪಿದೆ, ಆದರೆ ಆ ಓಣಿಯಲ್ಲಿ ಒಬ್ಬ ಮಾಸ್ತರಿಣಿ ಓಡುವುದು ಸಾಧ್ಯವಿರಲಿಲ್ಲ, ಆದ್ದರಿಂದ ಬೇಗ ಬೇಗ ನಡೆದೆ ಎಂದು ಇಟ್ಟುಕೊಳ್ಳುತ್ತೇನೆ. ಧಾರವಾಡದಲ್ಲಿ ತರಬೇತಿ. ಹೋಗುವ ದಿನ ಅತ್ತೆ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟರು. ಬಸ್ಸಿನ ಹತ್ತಿರ ನಿಂತು ಒಂದೇ ಪ್ರಶ್ನೆ ಕೇಳಿದರು:

“ಪರೀಕ್ಷಿಯೊಳಗ ನಮ್ಮ ಮನಿತನದ ಹೆಸರ ಹಚ್ಚಿ ಬರದಿ ಹೌದಲ್ಲ?”

“ಹೌದ್ರಿ ಯತ್ತಿ.”

“ಹೂಂ. ಹತ್ತು.”

ನನಗೆ ಅವಳು ಕಾಲು ಮುಟ್ಟಿ ನಮಸ್ಕಾರ ಮಾಡಲು ಬಗ್ಗಿದಳು. ತಡೆದೆ. ಏನಾದರೂ ಹೇಳಬೇಕಿತ್ತು. ದಿನಾಲು ಶಬ್ದ ಹುಡುಕುವುದೇ ಕೆಲಸ ಮಾಡಿಕೊಂಡವಳಿಗೆ ಒಂದೂ ಹೊಳೆಯಲಿಲ್ಲ. “ಕಿಟಕಿ ಬದೀಲೆ ಕೂಡು” ಎಂದೆ.

ಆಮೇಲಿನ ಸಂಜೆಗಳ ಬಗ್ಗೆ ಬರೆಯಲು ಕಡಿಮೆ ಇದೆ. ಪತ್ರಿಕೆ ಬರುತ್ತಿತ್ತು, ಪಾಟಿಯ ಮೇಲೆ ಗೆರೆ ಎಳೆಯುತ್ತಿದ್ದೆ. ಹಿಂದೆ ಒಬ್ಬಳೇ ಬಿಡಿಸುತ್ತಿದ್ದಾಗ ಸುಮ್ಮನೆ ಬಿಡಿಸುತ್ತಿದ್ದೆ. ಈಗ ಸುಳಿವನ್ನು ಜೋರಾಗಿ ಓದುವ ರೂಢಿ ಬಿದ್ದಿತ್ತು. ಓದಿ, ಉತ್ತರಕ್ಕೆ ಕಾದು, ಯಾರೂ ಇಲ್ಲ ಎಂದು ತಿಳಿದು ಮುಂದಿನದಕ್ಕೆ ಹೋಗುತ್ತಿದ್ದೆ. ಬಾಗಿಲಲ್ಲಿ ಅತ್ತೆ ರಾಟಿ ಇಟ್ಟುಕೊಳ್ಳಲಿಲ್ಲ. ಅವರು ಒಳಗೇ ಕೂತು ಸುತ್ತುತ್ತಿದ್ದರು, ಅವರಿಗೆ ಬೆಳಕು ಇದ್ದರೂ ಅಷ್ಟೇ ಇಲ್ಲದಿದ್ದರೂ ಅಷ್ಟೇ. ರಜೆಯಲ್ಲಿ ನರಗುಂದಕ್ಕೆ ಹೋದೆ. ಅಣ್ಣನ ಅಂಗಡಿಗೂ ಅದೇ ಪತ್ರಿಕೆ ಬರುತ್ತಿತ್ತು, ಅಲ್ಲಿ ಅದರ ಮೇಲೇ ಬರೆಯಬಹುದಾಗಿತ್ತು. ಎರಡು ದಿನ ಬರೆದೆ. ಅಣ್ಣ ಅಡಕೆ ಕತ್ತರಿಸುತ್ತ, “ಇದರಾಗ ಏನರೆ ಬಕ್ಷೀಸು ಐತೇನು?” ಎಂದ. ಇಲ್ಲ ಎಂದೆ. “ಮತ್ತ?” ಎಂದ. ಮೂರನೆಯ ದಿನ ಬಿಡಿಸಲಿಲ್ಲ.

ಅವಳು ಮುಂದಿನ ಯುಗಾದಿಗೆ ಬಂದಳು. ತವರಿಗೆ ಹೋಗದೆ ನೇರ ಅತ್ತೆಯ ಮನೆಗೇ ಬಂದಳು. ತರಬೇತಿ ಮುಗಿದ ಮೇಲೆ ಅಬ್ಬಿಗೇರಿಯ ಕಡೆ ಸಾಲೆ ಸಿಗಬಹುದು, ಸಿಕ್ಕರೆ ಅತ್ತೆ ಮಾವನನ್ನು ಅಲ್ಲಿಗೇ ಕರೆದುಕೊಳ್ಳುತ್ತೇನೆ ಎಂದು ಒಳಗೆ ಹೇಳುವುದು ನನ್ನ ಕೋಣೆಗೆ ಕೇಳಿಸಿತು. “ಮಗ್ಗ ಯಾರು ಹೊರತಾರ, ನೀ ಹೊರತೀಯೇನು?” ಎಂದು ಅತ್ತೆ. ಇಬ್ಬರೂ ನಗುತ್ತಿದ್ದರು. ಅವಳ ನಗು ಸ್ವಲ್ಪ ದೊಡ್ಡದಾಗಿತ್ತು, ಅಥವಾ ಬಾಯಿಗೆ ಸೆರಗು ಹಿಡಿಯುವುದನ್ನು ಬಿಟ್ಟಿದ್ದಳು.

ಸಂಜೆ ನನ್ನ ಬಾಗಿಲಿಗೆ ಬಂದಳು. ನನ್ನ ತೊಡೆಯ ಮೇಲೆ ಪಾಟಿ ಇತ್ತು.

“ಇನ್ನೂ ಬಿಡಸ್ತೀರೇನ್ರಿ ಅಕ್ಕೋರ ಇದನ್ನ?”

“ನೀನು?”

“ಎಲ್ಲಿ ಬಿಡುವೈತ್ರಿ. ಮುಂಜಾನಿಂದ ಸಂಜಿ ಮಟಾ ಪಾಠ ತಯಾರಿ. ರೂಮಿನ್ಯಾಗ ನಾಕು ಮಂದಿ ಅದೀವಿ, ಮಾತ ಮುಗಿಯೂದುಲ್ಲ.” ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಸಂತೋಷದಲ್ಲಿದ್ದವಳು ಹೇಳುವ ಹಾಗೆ ಹೇಳಿದಳು. ಮಂಡಿಯೂರಿ ಕೂತು ಪತ್ರಿಕೆ ತೆಗೆದುಕೊಂಡು ಉಳಿದಿದ್ದ ಒಂದು ಸುಳಿವನ್ನು ಓದಿದಳು. ಈಗ ಅಕ್ಷರ ಕೂಡಿಸದೆ ಸರಾಗವಾಗಿ ಓದುತ್ತಿದ್ದಳು. “ಉಜ್ಜಿದರೆ ಬೆಂಕಿ ಕೊಡುವ ಮರದ ತುಂಡು. ಮೂರು ಅಕ್ಷರ.” ಯೋಚಿಸಿದಳು. “ಸಮಿಧೆ?” ಎಂದಳು. ಕೊನೆಗೆ ಣಿ ಬರಬೇಕು ಎಂದೆ. ಇನ್ನೊಂದು ಸಲ ಹುಬ್ಬು ಗಂಟಿಕ್ಕಿ ನೋಡಿದಳು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಅಷ್ಟರಲ್ಲಿ ಅತ್ತೆ ಒಳಗಿನಿಂದ ಕರೆದರು. “ಬಂದ್ನಿರಿ” ಎಂದು ಎದ್ದಳು. “ನಾಳೆ ಹೇಳ್ರಿ ಅಕ್ಕೋರ, ಏನು ಅಂತ.”

ಆ ಶಬ್ದ ನನಗೂ ಬರಲಿಲ್ಲ. ಮರುದಿನ ರಜೆ ಇತ್ತು. ಹೆಡ್‌ಮಾಸ್ತರರ ಮನೆಗೆ ಹೋಗಿ ಅಂದಿನ ಪತ್ರಿಕೆ ಕೇಳಿ ಪಡೆದೆ. ಹಾಗೆ ನಾನು ಎಂದೂ ಮಾಡಿರಲಿಲ್ಲ. ಉತ್ತರ ಅರಣಿ. ಮನೆಗೆ ಬಂದು ನಿಘಂಟು ತೆಗೆದೆ. ಯಜ್ಞದ ಬೆಂಕಿ ಹುಟ್ಟಿಸಲು ಒಂದರ ಮೇಲೊಂದು ಇಟ್ಟು ಕಡೆಯುವ ಕಟ್ಟಿಗೆ. ಹೇಳಲು ಒಳಗೆ ಹೋದೆ. ಅತ್ತೆ ಒಬ್ಬರೇ ಒಲೆಯ ಮುಂದೆ ಕೂತು ಜೋಳದ ಹಿಟ್ಟು ನಾದುತ್ತಿದ್ದರು. ಅವಳ ಗೆಳತಿಯೊಬ್ಬಳು ಮಧ್ಯಾಹ್ನ ಬಂದು, ಇಬ್ಬರೂ ಕೂಡಿಯೇ ಧಾರವಾಡದ ಬಸ್ಸಿಗೆ ಹೋದರಂತೆ. ನಾನು ಪತ್ರಿಕೆಗೆ ಹೋದ ಹೊತ್ತಿನಲ್ಲೇ ಹೊರಟಿದ್ದರು. “ನಿಮ್ಮನ್ನ ಭಾಳ ಕೇಳಿದ್ಲರಿ, ಬಸ್ಸಿಗೆ ಹೊತ್ತಾಗಿತ್ತು” ಎಂದರು.

ಶಬ್ದ ಕೈಯಲ್ಲೇ ಉಳಿಯಿತು. ಅದನ್ನು ಹಿಡಿದುಕೊಂಡು ಕೋಣೆಗೆ ಹೋಗಲು ಮನಸ್ಸಾಗಲಿಲ್ಲ. ಅಲ್ಲೇ ಕೂತು ಅವರಿಗೇ ಹೇಳಿದೆ. ಅರಣಿ ಅಂತ ಒಂದು ಶಬ್ದ ಐತ್ರಿ ಅವ್ವಾರ, ಕಟ್ಟಿಗಿಗೆ ಕಟ್ಟಿಗಿ ತಿಕ್ಕಿ ಬೆಂಕಿ ತಗೀತಿದ್ರಂತ ಮೊದಲು.

ಅವರು ನಾದುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

“ಯಾಕ್ರಿ, ಕಡ್ಡಿಪೆಟ್ಟಿಗಿ ಇದ್ದಿದ್ದಿಲ್ಲೇನು ಅವರ ಮನ್ಯಾಗ?”

ಇಬ್ಬರೂ ನಕ್ಕೆವು ಎಂದು ಬರೆಯಬೇಕೆನಿಸುತ್ತದೆ. ನಕ್ಕೆವೋ ಇಲ್ಲವೋ ನೆನಪಿಲ್ಲ. ಅವರು ರೊಟ್ಟಿ ತಟ್ಟಲು ಶುರು ಮಾಡಿದರು, ನಾನು ಬಹಳ ಹೊತ್ತು ಅಲ್ಲೇ ಕೂತಿದ್ದೆ.